ಹಿಂಗಾರಿನ ಜಡಿಮಳೆಯಲ್ಲಿ ಕೌದಿ: ನನ್ನ ಅನುಭವ

ಕೌದಿ, ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿದ ಹೊದಿಕೆ, ಹೊಲಿಯುವುದು ಬೇಸಿಗೆಯ ಕೆಲಸವೆಂದು ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ಸುಗ್ಗಿ ಮುಗಿದು ಹೊಲದ ಕೆಲಸ ಇಳಿದ ಮೇಲೆ ಹಳೆಯ ಸೀರೆ, ಧೋತರಗಳನ್ನು ಒಗೆದು, ಅಂಗಳದಲ್ಲಿ ಹಾಸಿ, ಟಾಕಾ (ಕೈಹೊಲಿಗೆ) ಹಾಕಿ, ರೋಹಿಣಿ ಮಳೆ ಬೀಳುವುದರೊಳಗೆ ಹೊಲಿದು ಮಡಚಿಡಬೇಕು. ಮಳೆ ಹಿಡಿದ ಮೇಲೆ ಕೌದಿಗೆ ಸೂಜಿ ಮುಟ್ಟಿಸಬಾರದು. ನಾನು ಈ ರೂಢಿಯನ್ನು ಬಿಟ್ಟು ಏಳೆಂಟು ವರ್ಷಗಳಾಗಿರಬೇಕು. ಹಸ್ತ ಮಳೆ ಹೂಡುವ ಹೊತ್ತಿಗೆ ಕೌದಿ ಹಿಡಿದು, ಚಿತ್ತಿ, ಸ್ವಾತಿ, ವಿಶಾಖ ಮಳೆಗಳನ್ನು ಮನೆಯೊಳಗೆ ಕುಳಿತು ದಾಟಿಸಿ, ಗೌರಿ ಹುಣ್ಣಿಮೆಯ ಹೊತ್ತಿಗೆ ಕೊನೆಯ ಗಂಟು ಹಾಕುತ್ತೇನೆ. ಹೀಗೆ ಹೊಲಿದ ಕೌದಿಗಳು ಎರಡು ಪೂರ್ತಿ ಮಳೆಗಾಲ ಟ್ರಂಕಿನಲ್ಲಿದ್ದು ಹೊರಬಂದರೂ ಒಂದರಲ್ಲಿಯೂ ಮುಗ್ಗಲು ವಾಸನೆಯಿಲ್ಲ, ಒಂದು ಕಪ್ಪು ಚುಕ್ಕೆಯಿಲ್ಲ. ಈ ಪದ್ಧತಿ ಫಲಿಸುತ್ತದೆಂದು ಈಗ ಧೈರ್ಯದಿಂದ ಹೇಳಬಹುದಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆರಂಭದಲ್ಲಿ ಇದನ್ನು ಒಪ್ಪಿದವರು ಯಾರೂ ಇರಲಿಲ್ಲ. "ಮಳಿಗಾಲದಾಗ ಹೊಲ್ದ ಕೌದಿ ಮೈಮ್ಯಾಗ ಹೊದ್ಕೊಳ್ಳಾಕ ಬರಂಗಿಲ್ಲ ಬೇ, ಮುಗ್ಗ ಹಿಡೀತೈತಿ" ಎಂದು ನಮ್ಮ ಅತ್ತೆಯವರು ನೇರವಾಗಿಯೇ ಹೇಳಿದ್ದರು. ಕೌದಿ ಹೊಲಿದುಕೊಡುವುದನ್ನೇ ಕಸುಬು ಮಾಡಿಕೊಂಡ ಗೊಂಧಳಿ ಸಮುದಾಯದ ಹಿರಿಯ ಹೆಂಗಸರು, ಬೇಸಿಗೆಯಲ್ಲಿ ನಮ್ಮ ಓಣಿಗೆ ಬಂದಾಗ, ನನ್ನ ಮಾತು ಕೇಳಿ ತಲೆ ಅಲ್ಲಾಡಿಸಿ ಹೋದರು. ಅವರೆಲ್ಲರ ಮಾತು ಮೊದಲ ಕೆಲವು ವರ್ಷ ನಿಜವೂ ಆಯಿತು.

ಹಿಂಗಾರನ್ನೇ ಆರಿಸಿಕೊಳ್ಳಲು ನನಗಿದ್ದ ಕಾರಣ ಸರಳವಾದದ್ದು. ನಮ್ಮ ಮನೆಯ ಬೇಸಿಗೆಯ ಬಿಸಿಲೆಲ್ಲ ಶ್ಯಾವಿಗೆ, ಹಪ್ಪಳ, ಸಂಡಿಗೆ ಮತ್ತು ಖಾರದ ಪುಡಿಗೆ ಮೀಸಲು; ಅದನ್ನು ಮಾರಿದ ಹಣದಿಂದಲೇ ಜೂನ್ ತಿಂಗಳ ಖರ್ಚು ನಡೆಯಬೇಕು. ಇನ್ನೊಂದು ಕಡೆ, ಕೌದಿಯನ್ನು ಜನ ಕೇಳುವುದು ದೀಪಾವಳಿಯ ಸುತ್ತಮುತ್ತ. ಹೊಸ ಅಳಿಯನನ್ನು ಹಬ್ಬಕ್ಕೆ ಕರೆದವರು, ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತಂದವರು, ಚಳಿ ಬೀಳುವ ಮೊದಲು ಹೊದಿಕೆ ಹೊಂದಿಸುವವರು, ಎಲ್ಲರೂ ಅಕ್ಟೋಬರ್, ನವೆಂಬರ್‌ನಲ್ಲಿಯೇ ಬರುತ್ತಾರೆ. ಬೇಸಿಗೆಯಲ್ಲಿ ಹೊಲಿದಿಟ್ಟ ಕೌದಿಯನ್ನು ಅಲ್ಲಿಯವರೆಗೆ ನಾಲ್ಕೈದು ತಿಂಗಳು ಮುಂಗಾರಿನ ತೇವದಲ್ಲಿ ಕಾಪಾಡುವುದಕ್ಕಿಂತ, ಕೇಳುವವರು ಬರುವ ಕಾಲಕ್ಕೇ ಹೊಲಿಯುವುದು ನನಗೆ ಸರಿಯೆನಿಸಿತು.

ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಊರಿಗೆ ಹಿಂಗಾರಿನ ದಿನಗಳಲ್ಲಿ ಎರಡು ಬಗೆಯ ಮಳೆ ಬರುತ್ತದೆ. ಕೌದಿ ಹೊಲಿಯುವವರು ಇವೆರಡನ್ನೂ ಬೇರೆಬೇರೆಯಾಗಿ ನೋಡಬೇಕು. ಹಸ್ತ, ಚಿತ್ತಿಯ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಸುರಿದು ಹೋಗುತ್ತದೆ, ಮರುದಿನ ಬೆಳಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಚೊಕ್ಕ ಬಿಸಿಲಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಬರುವ ಮಳೆ ಹಾಗಲ್ಲ. ಮೂರು ನಾಲ್ಕು ದಿನ ಸೂರ್ಯನ ಮುಖವೇ ಕಾಣದೆ ಜಿಟಿಜಿಟಿ ಹಿಡಿಯುತ್ತದೆ, ಗಾಳಿ ಬೀಸುತ್ತದೆ, ಕರೆಂಟು ಹೋಗುತ್ತದೆ. ಮೊದಲನೆಯದರಲ್ಲಿ ಬಟ್ಟೆ ಒಣಗಿಸಬಹುದು. ಎರಡನೆಯದರಲ್ಲಿ ಹೊಲಿಯಬಹುದು, ಒಣಗಿಸುವ ಆಸೆಯನ್ನು ಬಿಡಬೇಕು. ಈ ವ್ಯತ್ಯಾಸವನ್ನು ನೋಡದೆ, ಎರಡರಲ್ಲಿಯೂ ಸೀರೆ ಒಗೆದು, ಅರ್ಧ ಒಣಗಿದ್ದನ್ನು ಪದರಕ್ಕೆ ಸೇರಿಸಿ ಹೊಲಿದ ವರ್ಷ, ಸಂಕ್ರಾಂತಿಯೊಳಗೆ ಎಂಟೊಂಬತ್ತು ಕೌದಿಗಳು ನನ್ನ ಮನೆಗೆ ವಾಪಸು ಬಂದವು. ತೆಗೆದುಕೊಂಡವರಿಗೆ ಹಣ ಮರಳಿಸಿದ್ದು, ಕೂಲಿ ಕೊಟ್ಟದ್ದು, ದಾರದ ಖರ್ಚು ಎಲ್ಲ ಸೇರಿ ಕೈಬಿಟ್ಟು ಹೋದದ್ದು ಆಗಿನ ಲೆಕ್ಕದಲ್ಲಿ 15 ಸಾವಿರ ರೂಪಾಯಿಯ ಹತ್ತಿರ. ಆ ಮೊತ್ತವನ್ನು ತುಂಬಿಕೊಳ್ಳಲು ಎರಡು ಬೇಸಿಗೆಯ ಶ್ಯಾವಿಗೆ ಬೇಕಾಯಿತು.

ವಾಪಸು ಬಂದ ಕೌದಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಬೂಷ್ಟು ಎಲ್ಲ ಪದರಗಳಲ್ಲಿಯೂ ಒಂದೇ ಸಮ ಹಿಡಿದಿರಲಿಲ್ಲ. ಕೆಲವು ಸೀರೆಯ ಪದರಗಳು ಪೂರ್ತಿ ಚುಕ್ಕೆಯಾಗಿದ್ದವು, ಅವುಗಳಿಗೆ ಅಂಟಿಕೊಂಡೇ ಇದ್ದ ಧೋತರದ ಪದರ ಶುಭ್ರವಾಗಿತ್ತು. ಇದೇ ಲಕ್ಷಣವನ್ನು ನಾನು ಹಿಂದೆಯೂ ಕಂಡಿದ್ದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯಲ್ಲಿ, ಮಲಪ್ರಭಾ ದಂಡೆಯ ನಮ್ಮ ಬಂಧುಗಳ ಮನೆಯೊಳಗೆ ನೀರು ಹೊಕ್ಕು, ಟ್ರಂಕಿನಲ್ಲಿದ್ದ ಕೌದಿಗಳೆಲ್ಲ ನೆನೆದಿದ್ದವು. ವಾರದ ನಂತರ ಹೊರತೆಗೆದಾಗ ಗಂಜಿ ಹಾಕಿ ಉಡುತ್ತಿದ್ದ ಸೀರೆಗಳ ಪದರ ಕೊಳೆತು ಕೈಗೆ ಬಂದವು, ಗಂಜಿ ಕಾಣದ ಹೊಲದ ಧೋತರಗಳು ಒಗೆದ ಮೇಲೆ ಮತ್ತೆ ಹೊಸದಾದವು. ನೀರು ಎರಡಕ್ಕೂ ಒಂದೇ ಆಗಿತ್ತು. ಬೂಷ್ಟಿಗೆ ಬೇಕಾದದ್ದು ತೇವದ ಜೊತೆಗೆ ತಿನ್ನಲು ಏನಾದರೂ. ಆ ತಿನಿಸು ಗಂಜಿ. ಬೆಳ್ಳಿಹುಳವೂ ಅದನ್ನೇ ಹುಡುಕಿಕೊಂಡು ಬರುತ್ತದೆ.

ಅಲ್ಲಿಂದ ಮುಂದೆ ನನ್ನ ಕೌದಿಯ ಮೊದಲ ಕೆಲಸ ಮೇ ತಿಂಗಳಿಗೆ ಹೋಯಿತು. ಶ್ಯಾವಿಗೆ, ಹಪ್ಪಳದ ನಡುವೆಯೂ ವಾರಕ್ಕೊಂದು ಮಧ್ಯಾಹ್ನವನ್ನು ಸೀರೆಗಳ ಗಂಜಿ ತೆಗೆಯಲು ಇಟ್ಟುಕೊಂಡಿದ್ದೇನೆ. ಹಳೆಯ ಸೀರೆಯಲ್ಲಿ ಗಂಜಿ ಎಲ್ಲಿರುತ್ತದೆ ಎಂದು ಕೇಳುವವರಿದ್ದಾರೆ. ಹತ್ತಾರು ಸಲ ಒಗೆದ ಸೀರೆಯಲ್ಲಿಯೂ, ಅದರ ಅಂಚಿನ ದಟ್ಟ ನೇಯ್ಗೆಯಲ್ಲಿ, ಮಡಿಕೆಯ ಗೆರೆಯಲ್ಲಿ ಅದು ಉಳಿದಿರುತ್ತದೆ. ಪರೀಕ್ಷೆ ಸುಲಭ: ಗಾಯಕ್ಕೆ ಹಚ್ಚುವ ಅಯೋಡಿನ್ ಔಷಧಕ್ಕೆ ನೀರು ಬೆರೆಸಿ ಒಂದು ಹನಿ ಬಿಟ್ಟರೆ, ಗಂಜಿಯಿದ್ದಲ್ಲಿ ನೀಲಿಗಪ್ಪು ಬಣ್ಣ ಬರುತ್ತದೆ, ಇಲ್ಲದಿದ್ದರೆ ಕಂದು ಕಲೆಯಾಗಿ ಉಳಿದು ಸೋಡಾ ನೀರಿನಲ್ಲಿ ಹೋಗುತ್ತದೆ. ಸೀರೆಗಳನ್ನು ಒಂದು ಪೂರ್ತಿ ಹಗಲು, ಒಂದು ರಾತ್ರಿ ಬರಿಯ ಉಗುರುಬೆಚ್ಚಗಿನ ನೀರಿನಲ್ಲಿ ಬಿಡುತ್ತೇನೆ. ನೀರು ಹುಳಿವಾಸನೆ ಹೊಡೆಯತೊಡಗಿದರೆ ಗಂಜಿ ಬಿಡುತ್ತಿದೆ ಎಂದರ್ಥ. ಆಮೇಲೆ ವಾಷಿಂಗ್ ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿ, ನೀರು ತಿಳಿಯಾಗುವವರೆಗೆ ಜಾಲಿಸಿ, ಮತ್ತೆ ಹನಿ ಬಿಟ್ಟು ನೋಡುತ್ತೇನೆ. ನೀಲಿ ಬಂದ ಸೀರೆಗೆ ಎಷ್ಟೇ ಚೆಂದದ ಬಣ್ಣವಿರಲಿ, ಅದು ಮತ್ತೆ ಹಂಡೆಗೆ ಹೋಗುತ್ತದೆ.

ಕುದಿಸುವಾಗ ಕೆಂಪು ಅಂಚು ಬಣ್ಣ ಬಿಟ್ಟು ಉಳಿದದ್ದನ್ನೆಲ್ಲ ಕೆಡಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಉಪ್ಪು, ಪಟಿಕ, ಅಳಲೆಕಾಯಿ ಮೂರನ್ನೂ ಬಿಡಿಬಿಡಿಯಾಗಿಯೂ ಕೂಡಿಸಿಯೂ ಹಾಕಿ ನೋಡಿದ್ದೇನೆ. ಉಪ್ಪಿನಿಂದ ಏನೂ ಆಗಲಿಲ್ಲವೆಂದು ಖಂಡಿತವಾಗಿ ಹೇಳಬಲ್ಲೆ. ಉಳಿದವುಗಳಲ್ಲಿ ನನಗೆ ಹೊಂದಿಬಂದ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹಿಡಿಯಲು ಎಷ್ಟೋ ಸೀರೆಗಳು ಹಾಳಾಗಿವೆ. ಕೆಂಪನ್ನು ಬೇರೆ ಹಂಡೆಯಲ್ಲಿ ಕುದಿಸುವಷ್ಟು ವ್ಯವಧಾನವಿದ್ದವರಿಗೆ ಆ ಪ್ರಮಾಣದ ಅಗತ್ಯವೂ ಬೀಳುವುದಿಲ್ಲ.

ಇಳಕಲ್ ಸೀರೆಯನ್ನು ಬಳಸುವವರಿಗೆ ಒಂದು ಮಾತು. ಅದರ ಒಡಲು ಹತ್ತಿಯದಾದರೂ ಸೆರಗು ಹೆಚ್ಚಾಗಿ ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು, ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹತ್ತಿಯ ಎಳೆ ತೇವಗೊಂಡಾಗ ಗಟ್ಟಿಯಾಗುತ್ತದೆ, ಕೃತಕ ರೇಷ್ಮೆಯ ಎಳೆ ತೇವದಲ್ಲಿ ಬಲಗುಂದುತ್ತದೆ. ಮಳೆಗಾಲದಲ್ಲಿ ಹೊಲಿಯುವ ಕೌದಿಗೆ ಇಂಥ ಸೆರಗನ್ನು ಸೇರಿಸಿದರೆ ಒಗೆದು ಹಿಂಡುವಾಗ ಅಲ್ಲಿಯೇ ಸೀಳುತ್ತದೆ. ಆದ್ದರಿಂದ ಕೊಂಡಿಯ ಗೆರೆಯಲ್ಲಿ ಕತ್ತರಿಸಿ, ಒಡಲನ್ನು ಮಾತ್ರ ಪದರಕ್ಕೆ ತೆಗೆದುಕೊಳ್ಳುತ್ತೇನೆ. ತೆನೆಯ ವಿನ್ಯಾಸದ ಸೆರಗುಗಳನ್ನು ಬೇರೆ ಗಂಟಿನಲ್ಲಿಟ್ಟು ದಿಂಬಿನ ಚೀಲಕ್ಕೆ, ಬಾಗಿಲ ತೋರಣಕ್ಕೆ ಉಪಯೋಗಿಸಿದ್ದೇನೆ. ಕಳೆದ ದೀಪಾವಳಿಯಲ್ಲಿ ಆ ತೋರಣಗಳೇ ಕೌದಿಗಿಂತ ಬೇಗ ಖರ್ಚಾದವು.

ಇನ್ನು ನನ್ನ ಪದ್ಧತಿಯ ತಿರುಳಿಗೆ ಬರುತ್ತೇನೆ. ಅದು ತಕ್ಕಡಿ. ಮೇ ತಿಂಗಳ ಮಧ್ಯಾಹ್ನ, ಬಟ್ಟೆ ಗರಿಗರಿಯಾಗಿ ಒಣಗಿರುವಾಗ, ಒಂದೊಂದು ಕೌದಿಗೆ ಬೇಕಾಗುವ ಪದರ ಮತ್ತು ತೇಪೆಯ ತುಂಡುಗಳನ್ನು ಕೂಡಿಸಿ ಗಂಟು ಕಟ್ಟಿ, ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು, ಗಾಳಿಯಾಡದ ತಗಡಿನ ಡಬ್ಬದಲ್ಲಿ ಲಕ್ಕಿ ಸೊಪ್ಪು ಮತ್ತು ಬಜೆಯ ತುಂಡುಗಳೊಂದಿಗೆ ಮುಚ್ಚಿಡುತ್ತೇನೆ. ಆರೂವರೆ ಅಡಿ ಅಗಲ, ಎಂಟು ಅಡಿ ಉದ್ದ, ಮೇಲಿನ ತೇಪೆಗಳನ್ನು ಸೇರಿಸಿ ಐದು ಪದರದ ಕೌದಿಯ ಗಂಟು ನನ್ನಲ್ಲಿ ಸುಮಾರು 2,200 ಗ್ರಾಂ ತೂಗುತ್ತದೆ. ಹೊಲಿದು ಮುಗಿದ ಮೇಲೆ ದಾರದ್ದು 80 ಗ್ರಾಂ ಸೇರುತ್ತದೆ, ಕತ್ತರಿಸಿ ಬಿಟ್ಟ ಚೂರುಗಳ ತೂಕವನ್ನು ಕಳೆಯಬೇಕು. ಸ್ವಾತಿ ಮಳೆಯ ಜಡಿಯಲ್ಲಿ ಅದೇ ಕೌದಿಯನ್ನು ತಕ್ಕಡಿಗೆ ಹಾಕಿದರೆ, ಅದು ಒಂದು ಹನಿ ನೀರು ಕಾಣದಿದ್ದರೂ, ಸುಮಾರು 200 ಗ್ರಾಂ ಹೆಚ್ಚಿಗೆ ತೋರಿಸುತ್ತದೆ. ಅಷ್ಟೂ ಗಾಳಿಯಿಂದ ಹೀರಿಕೊಂಡ ನೀರು. ಕೈಗೆ ಅದು ಒಣಗಿದಂತೆಯೇ ಇರುತ್ತದೆ, ಕೆನ್ನೆಗೆ ಒತ್ತಿಕೊಂಡರೂ ತಿಳಿಯುವುದಿಲ್ಲ. ಎಷ್ಟೇ ಅನುಭವವಿದ್ದವರೂ ಇಲ್ಲಿಯೇ ಮೋಸಹೋಗುತ್ತಾರೆ. ಆ ಸ್ಥಿತಿಯಲ್ಲಿ ಮಡಚಿ ಟ್ರಂಕಿಗೆ ಹಾಕಿದರೆ ಬೂಷ್ಟು ಬರುವುದು ನಿಶ್ಚಿತ. ದಾರದ್ದನ್ನು ಕೂಡಿಸಿ, ಚೂರಿನದನ್ನು ಕಳೆದ ಚೀಟಿಯ ತೂಕಕ್ಕಿಂತ ತೇವದಿಂದ ಹೆಚ್ಚಿದ್ದು 80 ಗ್ರಾಮಿನೊಳಗೆ ಬಂದರೆ ಮಾತ್ರ ನನ್ನ ಕೌದಿ ಮಡಿಕೆ ಕಾಣುತ್ತದೆ. ಈ 80 ಎಂಬ ಅಂಕಿಯನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು 150 ಇಟ್ಟುಕೊಂಡಿದ್ದೆ, ಅದರಲ್ಲಿ ಅರ್ಧಕ್ಕರ್ಧ ಕೆಟ್ಟವು. 100ಕ್ಕೆ ಇಳಿಸಿದಾಗ ಒಂದೆರಡರಲ್ಲಿ ಮಾತ್ರ ವಾಸನೆ ಉಳಿಯಿತು. 80ಕ್ಕೆ ಬಂದ ಮೇಲೆ ಕೆಟ್ಟದ್ದೇ ಇಲ್ಲ.

ತೂಗುವ ಕೌದಿ ಎಂದು ಓಣಿಯಲ್ಲಿ ನನ್ನ ಕೌದಿಗೆ ಹೆಸರು ಬಿದ್ದಿದೆ. ಆಗ ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಈಗ ತಮ್ಮ ಮನೆಯ ಕೌದಿಗಳನ್ನು ತೂಗಿಸಿಕೊಂಡು ಹೋಗುತ್ತಾರೆ, ಅದು ನನಗೆ ಸಂತೋಷ ಕೊಟ್ಟಿದೆ.

ಹೆಚ್ಚಿನ ತೇವವನ್ನು ಇಳಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ನೀರೊಲೆಯ ಮೇಲಿನ ಅಟ್ಟದಲ್ಲಿ ಹರಡಿ ನೋಡಿದೆ. ತೂಕ ಇಳಿಯಿತು, ಆದರೆ ಹೊಗೆ ಹಿಡಿದು ಬಿಳಿಯ ತೇಪೆಗಳು ಹಳದಿಗೆ ತಿರುಗಿದವು. ಮುಚ್ಚಿದ ಕೋಣೆಯಲ್ಲಿ ಬರಿಯ ಫ್ಯಾನು ಹಾಕಿದರೆ ಜಡಿಮಳೆಯ ದಿನ ಏನೂ ಆಗುವುದಿಲ್ಲ, ತೇವದ ಗಾಳಿಯೇ ಸುತ್ತುತ್ತಿರುತ್ತದೆ. ಇಸ್ತ್ರಿ ಪೆಟ್ಟಿಗೆಯಿಂದ ಮೇಲಿನ ಎರಡು ಪದರ ಮಾತ್ರ ಒಣಗುತ್ತವೆ. ಗಾಳಿ ತುಸು ಬೆಚ್ಚಗಾಗಬೇಕು ಮತ್ತು ಹೊರಹೋಗಲು ದಾರಿಯಿರಬೇಕು, ಇವೆರಡೂ ಸೇರಿದರೆ ಒಂದು ರಾತ್ರಿಯಲ್ಲಿ 100 ಗ್ರಾಂ ಇಳಿಸಬಹುದು. ನಾನು ಬಳಸುವ ಜಾಗವನ್ನು ಹೇಳುವುದಿಲ್ಲ, ಅಂಥ ಒಂದು ಜಾಗ ಪ್ರತಿ ಮನೆಯಲ್ಲಿಯೂ ಇರುತ್ತದೆ, ಹುಡುಕಿಕೊಳ್ಳಬೇಕು.

ಹೊಲಿಗೆಯ ವಿಷಯದಲ್ಲಿ ಹಿಂಗಾರು ನನಗೆ ಬೇಸಿಗೆಗಿಂತ ಎಷ್ಟೋ ಪಾಲು ಅನುಕೂಲವಾಗಿದೆ. ಬೇಸಿಗೆಯ ಒಣಹವೆಯಲ್ಲಿ ಹತ್ತಿಯ ದಾರ ಜುಂಗು ಏಳುತ್ತದೆ, ಐದು ಪದರಗಳನ್ನು ಹಾಯುವಾಗ ಮತ್ತೆ ಮತ್ತೆ ಕಡಿಯುತ್ತದೆ. ಮಳೆಯ ದಿನ ಅದೇ ದಾರ ಮೆತ್ತಗೆ, ಗಟ್ಟಿಯಾಗಿ ಓಡುತ್ತದೆ. ಇದು ನೇಕಾರರಿಗೆ ಮೊದಲಿನಿಂದಲೂ ತಿಳಿದಿದೆ. ಇಳಕಲ್ಲಿನ ಕುಣಿಮಗ್ಗಗಳಲ್ಲಿ ನೆಲದ ತಂಪು ಹಾಸಿನ ಎಳೆಗಳನ್ನು ಕಾಯುತ್ತದೆ. ನಾನು ಬನಹಟ್ಟಿಯ ಕಡೆಯಿಂದ ಮಗ್ಗದ ಉಳಿಕೆ ನೂಲನ್ನು ತೂಕದಲ್ಲಿ ತರಿಸಿ, ಆರೆಳೆ ಹುರಿಮಾಡಿ, ಜೇನುಮೇಣದ ಮೇಲೆ ಒಮ್ಮೆ ಎಳೆದು ಬಳಸುತ್ತೇನೆ. ಪಾಲಿಯೆಸ್ಟರ್ ದಾರದಿಂದ ಹೊಲಿದ ಕೌದಿ ಮೊದಲ ವರ್ಷ ಬಹಳ ಬಿಗಿಯಾಗಿ ಕಾಣುತ್ತದೆ, ಮೂರನೆಯ ಒಗೆತಕ್ಕೆ ಆ ದಾರವೇ ಹಳೆಯ ಸೀರೆಯನ್ನು ಕೊಯ್ಯತೊಡಗುತ್ತದೆ. ಸೂಜಿಗೆ ತುಕ್ಕು ಹಿಡಿಯುವುದೊಂದೇ ಮಳೆಯ ತೊಂದರೆ, ತುಕ್ಕಿನ ಕಲೆ ಬಿಳಿಯ ಬಟ್ಟೆಯಿಂದ ಸುಲಭವಾಗಿ ಹೋಗುವುದೂ ಇಲ್ಲ. ಅದಕ್ಕೆ ಒಗೆಯದ ಕುರಿಯ ಉಣ್ಣೆಯನ್ನು ಉಂಡೆಮಾಡಿ ಅದಕ್ಕೆ ಸೂಜಿ ಚುಚ್ಚಿಡುತ್ತೇನೆ. ಉಣ್ಣೆಯ ಸಹಜ ಜಿಡ್ಡು ಸೂಜಿಯನ್ನು ವರ್ಷಗಟ್ಟಲೆ ಹೊಳಪಾಗಿಡುತ್ತದೆ.

ಮಳೆಯ ದಿನ ಅಂಗಳವಿಲ್ಲ. ಪಡಸಾಲೆಯಲ್ಲಿ ಐದು ಪದರ ಹಾಸಿ, ನಾಲ್ಕು ಜನ ಸುತ್ತ ಕುಳಿತು ಟಾಕಾ ಹಾಕಲು ಜಾಗ ಸಾಲದು. ಇಲ್ಲಿ ನನಗೆ ದಾರಿ ತೋರಿಸಿದ್ದು ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತುತ್ತ, ತೇಪೆಗಳನ್ನು ಹೋದಂತೆಲ್ಲ ಮಡಚಿ ಇಟ್ಟು ಹೊಲಿಯುತ್ತ, ನಡುವಿನಲ್ಲಿ ಬಂದು ಮುಗಿಸುತ್ತಾರೆ. ಚೌಕಟ್ಟು ಬೇಡ, ದೊಡ್ಡ ಜಾಗ ಬೇಡ, ತೊಡೆಯ ಮೇಲೆಯೇ ಕೆಲಸ ಸಾಗುತ್ತದೆ. ಬಯಲುಸೀಮೆಯ ನಾವು ಉದ್ದಕ್ಕೆ ನೇರ ಸಾಲು ಹಾಕಿ ಬೆಳೆದವರು, ಅಂಚನ್ನು ಕೊನೆಗೆ ಮುಚ್ಚುವವರು. ಅಂಚು ಮೊದಲು ಮುಚ್ಚಿಹೋದರೆ ಬಟ್ಟೆ ನುಲಿಯುವುದಿಲ್ಲ, ಮಳೆಗಾಲದಲ್ಲಿ ಕೌದಿಯನ್ನು ವಾರಗಟ್ಟಲೆ ಎತ್ತಿ ಇಳಿಸಿ ಮಾಡಿದರೂ ಅಂಚಿನ ಎಳೆ ಬಿಚ್ಚಿಕೊಳ್ಳುವುದಿಲ್ಲ. ಆದರೆ ಹೊರಗಿನಿಂದ ಒಳಗೆ ಬರುವಾಗ ಸಡಿಲವೆಲ್ಲ ನಡುವಿಗೆ ಕೂಡಿ ಉಬ್ಬು ಏಳುತ್ತದೆ. ನನ್ನ ಮೊದಲ ಕೌದಿಗಳ ನಡುವೆ ಅಂಗೈ ಎತ್ತರದ ಗುಡ್ಡವೇ ಇತ್ತು, ಅದರ ಮೇಲೆ ಮಲಗಲಾಗುತ್ತಿರಲಿಲ್ಲ. ಸಾಲುಗಳ ಅಂತರ ಅರ್ಧ ಇಂಚಿಗಿಂತ ತುಸು ಹೆಚ್ಚಿರಲಿ, ಪ್ರತಿ ಸುತ್ತು ಮುಗಿದ ಮೇಲೆ ಕೌದಿಯನ್ನು ನೆಲಕ್ಕೆ ಹಾಸಿ ಒಳಗಿನ ಪದರಗಳನ್ನು ಕೈಯಿಂದ ನಡುವಿನ ಕಡೆಗೆ ಸವರಿ ನೋಡಲಿ, ಅಡಿಯ ಪದರವನ್ನು ಮೊದಲೇ ಒಂದು ಬೆರಳಿನಷ್ಟು ಬಿಗಿಯಾಗಿ ಕತ್ತರಿಸಲಿ; ಮುಕ್ಕಾಲು ಪಾಲು ಉಬ್ಬು ಇದರಿಂದಲೇ ಇಳಿಯುತ್ತದೆ. ಉಳಿದ ಕಾಲು ಪಾಲನ್ನು ಕೊನೆಯ ಒಂದು ಗೇಣಿನಲ್ಲಿ ನಾನು ಇಳಿಸುವ ಬಗೆಯನ್ನು ಎದುರಿಗೆ ಕುಳಿತು ಹೊಲಿಯುವವರಿಗೆ ತೋರಿಸಬಹುದು, ಬರೆದು ತಿಳಿಸಲು ಆಗದು.

ಸಿದ್ದಿಯವರು ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡುಗಳನ್ನು ಇಡುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ನಾನು ಗುಳೇದಗುಡ್ಡದ ಖಣದ ಚೂರುಗಳಿಂದ ಅದನ್ನು ಮಾಡುತ್ತೇನೆ. ಕುಪ್ಪಸ ಹೊಲಿಯುವವರಲ್ಲಿ ಖಣದ ಉಳಿಕೆ ಚೂರುಗಳು ಅಗ್ಗಕ್ಕೆ ಸಿಗುತ್ತವೆ, ನಾಲ್ಕು ಮೂಲೆಯಲ್ಲಿ ಅವು ಬಂದರೆ ಹಳೆಯ ಬಟ್ಟೆಯ ಕೌದಿಗೂ ಹಬ್ಬದ ಕಳೆ ಬರುತ್ತದೆ. ಮೂಲೆಯಲ್ಲಿ ಸಡಿಲವಾಗಿ ನಿಲ್ಲುವುದರಿಂದ ಖಣ ಕುಗ್ಗಿದರೂ ಕೌದಿಯನ್ನು ಎಳೆಯುವುದಿಲ್ಲ.

ಹಬ್ಬಗಳು ಈ ಕೆಲಸದ ನಡುವೆಯೇ ಬರುತ್ತವೆ, ಅವುಗಳ ಲೆಕ್ಕ ಹಾಕಿಕೊಳ್ಳದೆ ಹೊಲಿಗೆ ಸಾಗುವುದಿಲ್ಲ. ನವರಾತ್ರಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ಹಳೆಯ ಕೌದಿಗಳು ವರ್ಷವಿಡೀ ಕೆಡುವುದಕ್ಕೆ ನಿಜವಾದ ಕಾರಣ ಈ ಹೊತ್ತಿನ ಒಗೆತ ಎಂಬುದು ನನ್ನ ಅಭಿಪ್ರಾಯ. ಉತ್ತರೆ, ಹಸ್ತದ ಮಳೆಯ ನಡುವೆ ಎರಡೂವರೆ ಕಿಲೋದ ಕೌದಿಯನ್ನು ಹಳ್ಳದಲ್ಲಿ ಒಗೆದು ತಂದರೆ ಅದು ದೀಪಾವಳಿಯವರೆಗೂ ಒಳಗಿಂದ ಒಣಗುವುದಿಲ್ಲ. ಹಬ್ಬದ ಮಡಿಗೆ ತೊಂದರೆಯಾಗದಂತೆ, ನಮ್ಮ ಮನೆಯಲ್ಲಿ ಈಗ ಕೌದಿಗಳಿಗೆ ತೆಳುವಾದ ಹಳೆಯ ಸೀರೆಯ ಗವಸು ಹೊಲಿದು, ನವರಾತ್ರಿಗೆ ಗವಸನ್ನು ಮಾತ್ರ ಒಗೆಯುತ್ತೇವೆ. ಅತ್ತೆಯವರು ಇದನ್ನು ಒಪ್ಪಲು ಎರಡು ದಸರೆ ಬೇಕಾದವು.

ಆಯುಧ ಪೂಜೆಯ ದಿನ ಕತ್ತರಿ, ಸೂಜಿ, ಬೆರಳಕವಚ, ತಕ್ಕಡಿ ಎಲ್ಲವೂ ದೇವರ ಜಗಲಿಗೆ ಹೋಗುತ್ತವೆ, ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆಯೇ ಮತ್ತೆ ಕೈಗೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ (ಭೂತಾಯಿಗೆ ಅಡುಗೆಯ ನೈವೇದ್ಯ) ಚೆಲ್ಲಲು ಹೋಗಬೇಕು, ಅದರ ಹಿಂದಿನ ದಿನ ಪೂರ್ತಿ ಅಡುಗೆಮನೆ. ಹೀಗಾಗಿ ದಸರೆಯಿಂದ ಶೀಗಿ ಹುಣ್ಣಿಮೆಯವರೆಗಿನ ದಿನಗಳನ್ನು ನಾನು ಅಂಚಿನ ಸುತ್ತುಗಳಿಗೆ ಇಟ್ಟುಕೊಳ್ಳುತ್ತೇನೆ, ಎಲ್ಲಿ ಬೇಕಾದರೂ ನಿಲ್ಲಿಸಿ ಎಲ್ಲಿಂದ ಬೇಕಾದರೂ ಹಿಡಿಯಬಹುದು. ನಡುವಿನ ಸುತ್ತುಗಳಿಗೆ ಒಂದೇ ಕೈ, ಒಂದೇ ಬಿಗಿ ಬೇಕು. ಅದನ್ನು ಶೀಗಿ ಹುಣ್ಣಿಮೆಯಿಂದ ದೀಪಾವಳಿಯವರೆಗಿನ ಜಡಿಯಲ್ಲಿ ಕುಳಿತು ಮುಗಿಸುತ್ತೇನೆ. ಕರೆಂಟು ಹೋದಾಗ ಬಿಳಿಯ ತೇಪೆಯ ಮೇಲೆ ಬಿಳಿಯ ದಾರ ಕಾಣುವುದಿಲ್ಲವಾದ್ದರಿಂದ, ಆ ಹೊತ್ತಿಗೆಂದೇ ಕಡುಬಣ್ಣದ ತೇಪೆಗಳ ಭಾಗವನ್ನು ಉಳಿಸಿಕೊಂಡಿರುತ್ತೇನೆ. ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಚ್ಚಬಾರದೆಂದು ನಮ್ಮ ಮನೆಯಲ್ಲಿ ಕೊನೆಯ ಗೇಣಿನೊಳಗೆ ಹೋಳಿಗೆಯ ಚೂರು ಇಡುತ್ತಿದ್ದರು. ಶಾಸ್ತ್ರವನ್ನು ನಾನು ಬಿಟ್ಟಿಲ್ಲ. ಇರುವೆಗೆ, ಬೂಷ್ಟಿಗೆ ಆಸ್ಪದವಾಗದಿರಲೆಂದು ಹೋಳಿಗೆಯನ್ನು ಕೌದಿಗೆ ಮುಟ್ಟಿಸಿ ಹೊಲಿದವರ ಕೈಗೆ ಕೊಡುತ್ತೇನೆ, ಒಳಗೆ ನಾಲ್ಕು ಒಣ ಜೋಳದ ಕಾಳು ಹಾಕುತ್ತೇನೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಬೂರುಗದ ಹತ್ತಿಯನ್ನು ಪದರದ ನಡುವೆ ತುಂಬಿದ ಕೌದಿ ಹೊಲಿಯುವಾಗ ಹಗುರವಾಗಿ ಹಿತವೆನಿಸಿತು, ಮೊದಲ ಒಗೆತದಲ್ಲಿಯೇ ಹತ್ತಿ ಉಂಡೆಗಟ್ಟಿ ಮೂಲೆಗೆ ಸರಿಯಿತು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ಹೊಲಿದು ನೋಡಿದೆ. ಮೇಲಿನ ಪದರ ಮುಂದೆ ಸರಿದು ನೆರಿಗೆ ಬೀಳುತ್ತದೆ, ಸೂಜಿ ಒತ್ತೊತ್ತಾಗಿ ತೂತು ಮಾಡಿದ ಗೆರೆಯಲ್ಲಿಯೇ ಹಳೆಯ ಸೀರೆ ಹರಿಯುತ್ತದೆ. ಹೊಸ ಬಟ್ಟೆಗೆ ಯಂತ್ರ ನಡೆಯಬಹುದು, ಹಳೆಯದಕ್ಕೆ ಬೇಡ.

ಹೆಚ್ಚು ಹಣ ಮತ್ತು ಹೆಚ್ಚು ಆಸೆ ಹಾಕಿದ್ದು ಕಂಬಳಿಯ ಕೌದಿಯ ಮೇಲೆ. ಕುರುಬರು ನೇಯ್ದ ದಖ್ಖನಿ ಕುರಿಯ ಕಂಬಳಿ ತೇವಗೊಂಡಾಗಲೂ ಮೈಯನ್ನು ಬೆಚ್ಚಗಿಡುತ್ತದೆ, ಹಿಂಗಾರಿನ ಗಾಳಿಗೆ ಇದಕ್ಕಿಂತ ಒಳ್ಳೆಯ ನಡುಪದರ ಬೇರೆಯಿಲ್ಲ ಎಂಬ ನಂಬಿಕೆ ನನ್ನದು. ಒಂದು ಹೊಸ ಕಂಬಳಿಗೆ 1,800 ರೂಪಾಯಿ ಕೊಟ್ಟು ತಂದು ನಡುವೆ ಹಾಕಿ ಹೊಲಿದೆ. ಒಗೆದ ಕೂಡಲೇ ಕಂಬಳಿ ಕುಗ್ಗಿತು, ಸೀರೆಯ ಪದರಗಳು ಕುಗ್ಗಲಿಲ್ಲ, ಇಡೀ ಕೌದಿ ಗಂಟುಗಂಟಾಗಿ ನಿಂತಿತು. ಅಲ್ಲದೆ, ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದು ಒಳಗೆ ಉಳಿದರೆ ಮತ್ತೆ ಅದೇ ಬೂಷ್ಟು. ಮುಂದಿನ ಸಲ ಬಹಳ ದಿನ ಹೊದ್ದು ಮೆತ್ತಗಾದ ಹಳೆಯ ಕಂಬಳಿಯನ್ನು ಹುಡುಕಿ, ಮೊದಲೇ ಎರಡು ಮೂರು ಸಲ ನೆನೆಸಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಬಳಸಿದೆ. ಅದು ಕೆಡದೆ ನಿಂತಿದೆ. ನಾಲ್ಕು ಕಿಲೋಕ್ಕಿಂತ ಹೆಚ್ಚು ತೂಗುವುದರಿಂದ ಕೊಳ್ಳುವವರು ಕಡಿಮೆ, ಆದರೆ ಹೊದ್ದವರು ಬಿಡುವುದಿಲ್ಲ.

ಹಣದ ಲೆಕ್ಕವನ್ನು ನೆನಪಿನಿಂದ ಬರೆಯುತ್ತೇನೆ. ಒಂದು ಕೌದಿಗೆ ಐದು ಹಳೆಯ ಸೀರೆ ಬೇಕು. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಓಣಿ ಓಣಿ ತಿರುಗುವ ಹೆಂಗಸರಿಂದ, ಹತ್ತಿಯವನ್ನೇ ಆರಿಸಿಕೊಂಡರೆ, ಸೀರೆಗೆ 60ರಿಂದ 80 ರೂಪಾಯಿ ಬೀಳುತ್ತದೆ. ಅವರು ತಮ್ಮ ಗಂಟನ್ನು ನನ್ನ ಮನೆಗೇ ಮೊದಲು ತರುವಂತೆ ಮಾಡಿಕೊಳ್ಳಲು ಎರಡು ವರ್ಷ ಚೌಕಾಶಿಯಿಲ್ಲದೆ ಕೊಂಡಿದ್ದೇನೆ. ದಾರ 400 ಮೀಟರಿನ ಆಸುಪಾಸು, ಮೇಣ ಸೇರಿ 120 ರೂಪಾಯಿ. ಖಣದ ಚೂರು, ಸೋಡಾ, ಕಟ್ಟಿಗೆ ಎಲ್ಲ ಕೂಡಿ ಇನ್ನೊಂದು ನೂರು. ದಿನಕ್ಕೆ ನಾಲ್ಕೈದು ಗಂಟೆ ಕುಳಿತರೆ ಒಬ್ಬರಿಗೆ ಒಂದು ಕೌದಿ ಮೂರು ವಾರದ ಕೆಲಸ. ಅಂಚಿನ ಸುತ್ತುಗಳಿಗೆ ಬರುವ ಇಬ್ಬರು ನೆರೆಯವರಿಗೆ ಕೌದಿಯೊಂದಕ್ಕೆ 1,500 ರೂಪಾಯಿ ಹಂಚುತ್ತೇನೆ. ಮಾರುವುದು 4,500ಕ್ಕೆ. ಮೊದಲು 2,500 ಹೇಳಿದರೂ ಹಳೆಯ ಸೀರೆಗೆ ಇಷ್ಟೊಂದೇ ಎನ್ನುತ್ತಿದ್ದರು. ಈಗ ಪ್ರತಿ ಕೌದಿಯೊಂದಿಗೆ ಅದರ ತೂಕದ ಚೀಟಿಯನ್ನೂ ಕೊಟ್ಟು, ಮುಂದಿನ ಮಳೆಗಾಲ ಕಳೆದ ಮೇಲೆ ಮುಗ್ಗಲು ಬಂದರೆ ಪೂರ್ತಿ ಹಣ ವಾಪಸು ಎಂದು ಹೇಳುತ್ತೇನೆ. ಎರಡು ವರ್ಷಗಳಲ್ಲಿ ಮಾರಿದ ಮೂವತ್ತರಷ್ಟು ಕೌದಿಗಳಲ್ಲಿ ಒಂದೂ ಹಿಂದಿರುಗಿಲ್ಲ. ಖರ್ಚು ಕಳೆದು ಕೌದಿಯೊಂದಕ್ಕೆ 2,400ರ ಆಸುಪಾಸು ಉಳಿಯುತ್ತದೆ, ಅದರಲ್ಲಿ ನನ್ನ ಕೈಕೆಲಸದ ಬೆಲೆಯೂ ಸೇರಿದೆ. ಬೇಸಿಗೆಯ ಕೌದಿಗಿಂತ ಇದು ಮೇಲು ಎಂದು ನಾನು ಹೇಳುವುದು ದುಡ್ಡಿನ ಕಾರಣಕ್ಕಷ್ಟೇ ಅಲ್ಲ. ಮಳೆಯಲ್ಲಿ ಹೊಲಿದ ಸಾಲು ಬಟ್ಟೆಯೊಳಗೆ ಚೆನ್ನಾಗಿ ಕುಳಿತು ಒಗೆದಷ್ಟೂ ಸಮವಾಗುವುದನ್ನು ಎರಡನ್ನೂ ಪಕ್ಕದಲ್ಲಿ ಹಾಸಿ ನೋಡಿದವರೆಲ್ಲ ಒಪ್ಪಿದ್ದಾರೆ.

ಕೊಂಡವರಿಗೆ ಹೇಳುವ ಮಾತೊಂದಿದೆ: ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ಉಳಿದ ಸ್ವಲ್ಪ ತೇವವೂ ಹೊರಹೋಗದೆ ಅಲ್ಲಿಯೇ ಬೆವರುತ್ತದೆ. ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮರದ ಮಣೆಯ ಮೇಲೆ ಇಡಿ, ಮುಂಗಾರು ಮತ್ತು ಹಿಂಗಾರಿನ ನಡುವೆ ಸಿಗುವ ಬಿಸಿಲಿಗೆ ಒಮ್ಮೆ ಹರಡಿ. ತಕ್ಕಡಿ ಇರುವವರು ಚೀಟಿಯ ತೂಕ ನೋಡಿ ಮಡಚಿ, ಇಲ್ಲದವರು ತಂದರೆ ನಾನೇ ತೂಗಿಕೊಡುತ್ತೇನೆ. ಈ ಮೇ ತಿಂಗಳಿನಲ್ಲಿ ಹದಿನೆಂಟು ಗಂಟುಗಳನ್ನು ಡಬ್ಬಕ್ಕೆ ಹಾಕಿದ್ದೇನೆ. ಅವುಗಳಲ್ಲಿ ಮೂರಕ್ಕೆ ಹಳೆಯ ಕಂಬಳಿಯ ನಡುಪದರ. ಕಂಬಳಿ ಹತ್ತಿಗಿಂತ ಹೆಚ್ಚು ತೇವ ಹೀರುವುದರಿಂದ ಅವಕ್ಕೆ 80 ಗ್ರಾಮಿನ ಲೆಕ್ಕ ಹೊಂದುವುದಿಲ್ಲ, ಹೊಸ ಅಂಕಿಯನ್ನು ಈ ಸ್ವಾತಿ ಮಳೆಯಲ್ಲಿಯೇ ಹಿಡಿಯಬೇಕಾಗಿದೆ.